ಒಂಬತ್ತು ಬೆರಳಿನ ಹೊಸ್ತಿಲು

ಮುನಿಲಕ್ಷ್ಮಮ್ಮನ ಮನೆಯ ಹೊಸ್ತಿಲು ಒಂಬತ್ತು ಬೆರಳು ಎತ್ತರ. ಟೇಪು ಹಿಡಿದು ಅಳೆದ ಲೆಕ್ಕವಲ್ಲ ಇದು. ಹದಿನಾಲ್ಕು ವರ್ಷದ ಹಿಂದೆ ತಾವರೆಕೆರೆಯ ಹೆಂಚಿನ ಮನೆ ಕೆಡವಿ ಅದೇ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎಬ್ಬಿಸುವಾಗ, ಈಗಿನ ಮನೆಗಳಿಗೆ ಹೊಸ್ತಿಲು ಒಂದಿಂಚು ಇದ್ದರೂ ಹೆಚ್ಚು ಎಂದು ಇಂಜಿನಿಯರು ಹೇಳಿದ್ದ. ಆಕೆ ವಾದಕ್ಕೆ ಹೋಗಲಿಲ್ಲ. ಇಟ್ಟಿಗೆ ರಾಶಿಗೆ ಒರಗಿಸಿಟ್ಟಿದ್ದ ಹಳೇ ಬಾಗಿಲುವಾಡದ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಎಡಗೈಯ ನಾಲ್ಕು ಬೆರಳು, ಅದರ ಮೇಲೆ ಬಲಗೈಯ ನಾಲ್ಕು, ಅದರ ಮೇಲೆ ಮತ್ತೊಂದು ಇಟ್ಟು ತೋರಿಸಿದಳು. ನಮ್ಮತ್ತೆ ದಾಟಿದ್ದು ಇಷ್ಟು, ನಾನು ಸೇರಕ್ಕಿ ಒದ್ದು ಒಳಗೆ ಬಂದಿದ್ದೂ ಇಷ್ಟು, ಇದರಲ್ಲಿ ಒಂದು ಬೆರಳು ಕಮ್ಮಿಯಾದರೂ ಗೃಹಪ್ರವೇಶ ನೀವೇ ಮಾಡಿಕೊಳ್ಳಿ ಅಂದಳು. ಹೀಗೆ ನೆಲಮಹಡಿಯ ಗ್ರಾನೈಟಿನ ಮನೆಗೆ ಹಲಸಿನ ಮರದ ಹಳೇ ಬಾಗಿಲು ಬಂದು ನಿಂತಿತು.

ಆ ಹೊಸ್ತಿಲಿನ ನಡುವೆ ಅಂಗೈ ಅಗಲದ ಒಂದು ತಗ್ಗಿತ್ತು. ಹೊಸ್ತಿಲು ತುಳಿಯಬಾರದು, ಅದರ ಮೇಲೆ ಕೂರಬಾರದು, ಅಲ್ಲಿ ನಿಂತು ಸೀನಬಾರದು ಎಂದು ಆ ಮನೆಯಲ್ಲಿ ಹುಟ್ಟಿದ ಪ್ರತಿಯೊಂದು ಮಗುವಿಗೂ ಹೇಳಿಕೊಟ್ಟಿದ್ದರು. ಹೇಳಿಕೊಟ್ಟವರೂ ತುಳಿದರು, ಕಲಿತವರೂ ತುಳಿದರು. ಇಲ್ಲದಿದ್ದರೆ ಹಲಸಿನ ಮರ ಯಾಕೆ ಸವೆಯಬೇಕು? ಕೇಳಿದರೆ ಮಾತ್ರ ಎಲ್ಲರದ್ದೂ ಒಂದೇ ಉತ್ತರ, ನಾನಲ್ಲ. ಮನುಷ್ಯರು ಇರುವುದೇ ಹೀಗೆ. ಮುನಿಲಕ್ಷ್ಮಮ್ಮ ಯಾರನ್ನೂ ಕೇಳದೆ ದಿನಾ ಬೆಳಿಗ್ಗೆ ಆ ತಗ್ಗಿಗೇ ಎರಡು ಪಾಲು ಅರಿಶಿನ ಹಚ್ಚುತ್ತಿದ್ದಳು.

ಯುಗಾದಿ ಕಳೆದು ಎರಡು ವಾರಕ್ಕೆ ಆಕೆ ಬಿದ್ದಳು. ಬಿದ್ದದ್ದು ಬಚ್ಚಲಮನೆಯ ನುಣುಪು ಟೈಲ್ಸಿನ ಮೇಲೆ, ಬೈಸಿಕೊಂಡದ್ದು ಹೊಸ್ತಿಲು. ಬಲಗಡೆ ಸೊಂಟದ ಮೂಳೆ ಮುರಿದಿತ್ತು. ಗಲ್ಲಿಯೊಳಗೆ ಆಂಬುಲೆನ್ಸ್ ಬಂದು ನಿಂತಾಗ ಸ್ಟ್ರೆಚರು ಒಳಗೆ ತಿರುಗಲಿಲ್ಲ. ಮಗ ರೇವಂತ್ ಮತ್ತು ಮೇಲಿನ ಪಿಜಿಯ ಹುಡುಗರು ಆಕೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಎತ್ತಿ, ಹೊಸ್ತಿಲು ದಾಟಿಸಿದರು. ನೋವಿನಲ್ಲೂ ಆಕೆ ಕಂಡದ್ದು ಒಂದೇ. ಎದುರುಮನೆಯ ಅಂಜನಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು, ಸಾವಿನ ಮನೆಯ ಮುಂದೆ ನಿಂತವಳ ಹಾಗೆ ನಿಂತಿದ್ದಳು. ಮೂಳೆಗೆ ಪ್ಲೇಟು, ಸ್ಕ್ರೂ ಹಾಕಿಸಿಕೊಂಡು ಹತ್ತು ದಿನಕ್ಕೆ ವಾಪಸು ಬಂದಾಗಲೂ ಅದೇ ಕುರ್ಚಿ, ಅದೇ ಹುಡುಗರು.

ಮಂಚಕ್ಕೆ ಬಂದು ಮಲಗಿದ ಮೇಲೆ ಆಕೆ ಗಂಡ, ಮಗ, ಸೊಸೆ ಮೂವರನ್ನೂ ಕರೆದಳು.

"ನನ್ನ ಎತ್ಕೊಂಡು ಹೋಗಿದ್ದು ಇದೇ ಕೊನೆ. ಇನ್ಮೇಲೆ ಈ ಹೊಸ್ತಿಲು ನನ್ನ ಕಾಲಲ್ಲೇ ದಾಟ್ತೀನಿ. ಹೊತ್ಕೊಂಡು ಹೋಗೋ ದಿನ ಒಂದು ಬರುತ್ತಲ್ಲ, ಅವತ್ತು ನನ್ನ ಕೇಳ್ಬೇಡಿ. ಅಲ್ಲೀವರ್ಗೂ ಆಸ್ಪತ್ರೆಗೂ ಬರಲ್ಲ, ಎಲ್ಲಿಗೂ ಬರಲ್ಲ."

ಮೂರು ತಿಂಗಳಿಗೆ ಎಕ್ಸ್‌ರೇ ತೆಗೆಸಲೇಬೇಕು ಎಂದು ಡಾಕ್ಟರು ಚೀಟಿಯಲ್ಲಿ ಕೆಂಪಕ್ಷರದಲ್ಲಿ ಬರೆದಿದ್ದರು. ರೇವಂತ್ ಅದನ್ನು ತೋರಿಸಿದ. ಅದಕ್ಕೂ ಕಾಲಲ್ಲೇ ಬರುತ್ತೇನೆ ಅಂದಳು. ಮರುವಾರ ಅವನು ಕೋಳಿಯನ್ನು ಕೇಳಿ ಮಸಾಲೆ ಅರೆಯುವವರುಂಟೇ ಎನ್ನುವ ಹಾಗೆ, ಹೊಸ್ತಿಲು ಕಿತ್ತು ಇಳಿಜಾರು ಮಾಡಲು ಟೈಲ್ಸಿನವನನ್ನು ಕರೆತಂದ. ಬಂದವನ ಕೈಯಲ್ಲಿ ಸುತ್ತಿಗೆ ಕಂಡದ್ದೇ ತಡ, ಹೊಸ್ತಿಲಿಗೆ ಕೈ ಹಾಕಿದರೆ ನಾನು ಈ ಮಂಚದಿಂದ ಏಳುವುದೇ ಇಲ್ಲ ಎಂದು ಆಕೆ ಗೋಡೆಗೆ ಮುಖ ಮಾಡಿ ಮಲಗಿದಳು. ಟೈಲ್ಸಿನವನು ಕಾಫಿ ಕುಡಿದು ಹೋದ. ಅಷ್ಟೊತ್ತಿಗೆ ಸೊಸೆ ಸೌಮ್ಯ, ದಿನಾ ಬಗ್ಗಿ ಅರಿಶಿನ ಹಚ್ಚುವುದು ಯಾರು ಎಂದು ಹೊಸ್ತಿಲಿಗೆ ಒಂದು ಸ್ಟಿಕರ್ ರಂಗೋಲಿ ಅಂಟಿಸಿಯಾಗಿತ್ತು. ಪಾಪ, ಅವಳಿಗೂ ಪದ್ಮನಾಭನಗರದಲ್ಲಿ ಟ್ಯೂಷನ್ ಕ್ಲಾಸು, ಮನೆ, ಮಕ್ಕಳು ಎಂದು ಹತ್ತು ಕೆಲಸ.

ಹಠ ಗೆದ್ದರೆ ಅದಕ್ಕೆ ಛಲ ಅನ್ನುತ್ತಾರೆ, ಸೋತರೆ ಮೊಂಡುತನ ಅನ್ನುತ್ತಾರೆ. ಮುನಿಲಕ್ಷ್ಮಮ್ಮ ಇನ್ನೂ ಗೆದ್ದಿರಲಿಲ್ಲವಾದ್ದರಿಂದ ಮನೆಯಲ್ಲಿ ಎಲ್ಲರ ಬಾಯಲ್ಲೂ ಮೊಂಡುತನವೇ. ಮೇಲಿನ ಮೂರು ಮಹಡಿಯ ಹುಡುಗ ಹುಡುಗಿಯರಿಗೆ ಏನೇನೋ ಆಸೆಗಳಿದ್ದವು. ಒಬ್ಬನಿಗೆ ಟೀಮ್ ಲೀಡ್ ಆಗಬೇಕು, ಒಬ್ಬಳಿಗೆ ಸ್ವಂತ ಕಂಪನಿ ಬೇಕು. ಅವನ್ನು ಯಾರೂ ಮೊಂಡುತನ ಅನ್ನುತ್ತಿರಲಿಲ್ಲ. ಎಪ್ಪತ್ತೊಂದು ವರ್ಷದವಳ ಆಸೆ ಒಂಬತ್ತು ಬೆರಳು ಎತ್ತರದ್ದು, ಅದೇ ಎಲ್ಲರಿಗೂ ಅತಿಯಾಗಿ ಕಂಡಿತು.

ಅತಿ ಅನ್ನದವಳು ಒಬ್ಬಳೇ, ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದ ಮಧುಮತಿ. ಬಾಗಲಕೋಟೆ ಕಡೆಯ ಹುಡುಗಿ, ಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟು. ದಿನಾ ಕೆಲಸಕ್ಕೆ ಹೊರಡುವ ಮುಂಚೆ ಕೆಳಗೆ ಬಂದು ಮುಕ್ಕಾಲು ಗಂಟೆ ಕಸರತ್ತು ಮಾಡಿಸುತ್ತಿದ್ದಳು. ಮೊದಮೊದಲು ಆಕೆ ಮಂಡಿ ಮಡಿಸಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಅಳಬೇಕಂದ್ರ ಅಳ್ರಿ, ಆದ್ರ ಕಾಲು ಮಾತ್ರ ಬಿಡಬ್ಯಾಡ್ರಿ ಎಂದು ಮಧುಮತಿ ಹೇಳುವಳು. ಮುನಿಲಕ್ಷ್ಮಮ್ಮ ಅಳುತ್ತಲೇ ಹತ್ತರ ಜೊತೆ ಇನ್ನೆರಡು ಸೇರಿಸಿ ಮಾಡುವಳು. ಎರಡು ತಿಂಗಳಲ್ಲಿ ವಾಕರ್ ಹಿಡಿದು ಅಡುಗೆಮನೆಗೆ ಹೋಗಿ, ಸಾರಿನ ರುಚಿ ನೋಡಿ, ಉಪ್ಪು ಹೆಚ್ಚಾಯಿತು ಎನ್ನುವಷ್ಟು ಸುಧಾರಿಸಿದಳು. ಸೌಮ್ಯಳಿಗೆ ಅತ್ತೆ ವಾಸಿಯಾಗುತ್ತಿರುವುದು ಗೊತ್ತಾದದ್ದೇ ಆ ಮಾತಿನಿಂದ.

ಜೂನ್ ಕೊನೆಗೆ ಮೊದಲ ಸಲ ಹೊಸ್ತಿಲ ಮುಂದೆ ನಿಂತಳು. ಹೊರಗೆ ಬೈಕುಗಳು, ಊಟದ ಡಬ್ಬಿ ತಂದವರು, ತಳ್ಳುಗಾಡಿಯ ಸೊಪ್ಪಿನವನು. ಹತ್ತು ಹೆಜ್ಜೆ ಆಚೆಗಿನ ಆ ಗಲ್ಲಿಯನ್ನು ಆಕೆ ಒಮ್ಮೆ ನೋಡಿದಳು. ಬಾಗಿಲುವಾಡ ಹಿಡಿದು ಎಡಗಾಲು ದಾಟಿಸಿದಳು. ಬಲಗಾಲು ಎತ್ತಿದಳು. ಹೆಬ್ಬೆರಳು ಮರಕ್ಕೆ ಬಡಿಯಿತು. ಮಧುಮತಿ ಹಿಡಿಯದಿದ್ದರೆ ಮತ್ತೆ ಬೀಳುತ್ತಿದ್ದಳು. ಗಂಡ ರಾಮಯ್ಯ ಸೋಫಾದಿಂದ ಅರ್ಧ ಎದ್ದವನು ಹಾಗೇ ನಿಂತುಬಿಟ್ಟ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

ರಾಮಯ್ಯ ಕೆಟ್ಟವನಲ್ಲ. ಕೆರೆ ಕೆಳಗಿನ ಎರಡೆಕರೆಯಲ್ಲಿ ರಾಗಿ, ಅವರೆ, ಸೊಪ್ಪು ಬೆಳೆದವನು. ಆ ಜಮೀನೆಲ್ಲ ಸೈಟುಗಳಾಗಿ, ಸೈಟುಗಳು ಕಟ್ಟಡಗಳಾಗಿ, ಈಗ ಬಾಡಿಗೆಯ ಮನೆಗಳ ಯಜಮಾನ. ಐವತ್ತೆರಡು ವರ್ಷದ ಸಂಸಾರದಲ್ಲಿ ಹೆಂಡತಿಗೆ ಒಂದು ನಯವಾದ ಮಾತು ಹೇಳಿದ್ದು ಯಾರೂ ಕೇಳಿಲ್ಲ. ಆಕೆ ಆಸ್ಪತ್ರೆಯಲ್ಲಿದ್ದ ಹತ್ತು ದಿನ ಕಾಫಿ ಮುಟ್ಟಲಿಲ್ಲ ಎನ್ನುವುದು ಸೌಮ್ಯ ಹೇಳಿದ ಮೇಲೇ ಗೊತ್ತಾದದ್ದು. ಪ್ರೀತಿ ಇದ್ದೂ ಅದನ್ನು ಆಡಿ ತೋರಿಸಲು ಬಾರದವರು ಏನಾದರೊಂದು ಮಾಡಿ ತೋರಿಸಲು ಹೋಗುತ್ತಾರೆ. ಎಡವಟ್ಟು ಆಗುವುದೇ ಅಲ್ಲಿ.

ಹದಿನೈದು ದಿನ ಬಿಟ್ಟು ಮತ್ತೆ ಪ್ರಯತ್ನಿಸಿದಾಗ ಬಲಗಾಲು ಮರದ ಅಂಚಿಗೆ ಸವರಿಕೊಂಡು ಹೋಗಿ ನಿಂತಿತು. ದಾಟಲಿಲ್ಲ, ಆದರೆ ಕೂದಲೆಳೆಯಷ್ಟರಲ್ಲಿ ತಪ್ಪಿತ್ತು. ರಾಮಯ್ಯ ಆ ದಿನ ತಾನೇ ಹೋಗಿ ಮಲ್ಲಿಗೆ ಹೂವು ತಂದ. ಮುನಿಲಕ್ಷ್ಮಮ್ಮನಿಗೆ ತನ್ನ ಕಾಲಿನ ಮೇಲೆ ಹೆಮ್ಮೆ ಬಂತು. ರಾತ್ರಿ ಊಟಕ್ಕೆ ಒಂದು ಮುದ್ದೆ ಹೆಚ್ಚೇ ಹಾಕಿಸಿಕೊಂಡಳು.

ಮಾರನೇ ಶನಿವಾರ ಬೆಳಿಗ್ಗೆ ನಡುಮನೆಯ ಮಂಚದಲ್ಲಿ ಕಣ್ಣು ಬಿಟ್ಟಾಗ, ಮುಚ್ಚಿದ ಬಾಗಿಲ ಕೆಳಗೆ ಒಂದು ಬೆಳಕಿನ ಗೆರೆ ಕಂಡಿತು. ಬಾಗಿಲ ಹಲಗೆ ಹೊಸ್ತಿಲಿನ ಹಿಂದಕ್ಕೆ ಒಂದು ಬೆರಳು ಇಳಿದು ಕೂರುತ್ತಿದ್ದರಿಂದ ಹದಿನಾಲ್ಕು ವರ್ಷದಲ್ಲಿ ಅದರ ಕೆಳಗೆ ಇರುವೆಗೂ ದಾರಿ ಇರಲಿಲ್ಲ. ಈಗ ಆಚೆ ಯಾರೋ ನಡೆದುಹೋದರೆ ಚಪ್ಪಲಿಯ ನೆರಳು ಒಳಗೆ ಬರುತ್ತಿತ್ತು. ಆಕೆ, ಪೇಪರು ಓದುತ್ತ ಕೂತಿದ್ದ ಗಂಡನನ್ನು, ನಮ್ಮ ಬಾಗಿಲು ಏನಾದರೂ ಕುಗ್ಗಿತೇ ಎಂದು ಕೇಳಿದಳು.

"ಹೊಸ್ತಿಲಿಗೆ ಏನಾಗುತ್ತೆ? ಏನೂ ಆಗಿಲ್ಲ," ಅಂದ ರಾಮಯ್ಯ, ಪೇಪರಿನಿಂದ ತಲೆ ಎತ್ತದೆ.

ಆಕೆ ಕೇಳಿದ್ದು ಬಾಗಿಲು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಸುಮ್ಮನೆ ಅಲ್ಲ. ಆಕೆ ಸೌಮ್ಯಳನ್ನು ಕರೆದು ಬಾಗಿಲು ತೆಗೆಸಿ, ಹೊಸ್ತಿಲಿಗೆ ಬೆರಳಿಟ್ಟು ಎಣಿಸಲು ಹೇಳಿದಳು. ಸೌಮ್ಯ ಎಣಿಸಿದಳು, ಏಳು. ಮತ್ತೊಮ್ಮೆ ಎಣಿಸು ಅಂದಳು. ಏಳೇ. ನಿನ್ನ ಬೆರಳು ನನ್ನದಕ್ಕಿಂತ ತೆಳು, ಆದರೂ ಏಳೇನಾ ಎಂದು ಕೇಳಿದ ಮೇಲೆ ಸೌಮ್ಯ ಮಾವನ ಕಡೆ ನೋಡಿದಳು. ಮಾವ ಪೇಪರನ್ನು ಮುಖಕ್ಕೆ ಇನ್ನೂ ಹತ್ತಿರ ತಂದುಕೊಂಡಿದ್ದ.

ನಡೆದದ್ದು ಇಷ್ಟು. ಪಕ್ಕದ ಬೀದಿಯಲ್ಲಿ ಮರಗೆಲಸದ ಅಂಗಡಿ ಇಟ್ಟಿದ್ದ ಮೌನೇಶನನ್ನು ರಾಮಯ್ಯ ಗುಟ್ಟಾಗಿ ಕರೆಸಿದ್ದ. ಶುಕ್ರವಾರ ಸೌಮ್ಯ ಅತ್ತೆಗೆ ಎಣ್ಣೆ ನೀರು ಹಾಕುವಾಗ ಬಚ್ಚಲಮನೆಯಿಂದ ಇಬ್ಬರೂ ಬರಲು ಒಂದು ಗಂಟೆ ಬೇಕು. ಆ ಹೊತ್ತಿನಲ್ಲಿ ಮೌನೇಶ ಸ್ಟಿಕರನ್ನು ಹುಷಾರಾಗಿ ಎಬ್ಬಿಸಿ, ಹೊಸ್ತಿಲನ್ನು ಒಂದು ಬೆರಳಿನಷ್ಟು ಕೀಸಿ, ಅರಿಶಿನ ಬಳಿದು, ಸ್ಟಿಕರನ್ನು ಮತ್ತೆ ಅಂಟಿಸಿ ಹೋಗಿದ್ದ. ಎರಡು ಶುಕ್ರವಾರ, ಎರಡು ಬೆರಳು. ಇನ್ನೊಂದು ಶುಕ್ರವಾರ ಸಿಕ್ಕಿದ್ದರೆ ಆಕೆ ದಾಟಿಯೇಬಿಡುತ್ತಿದ್ದಳು, ಗೆದ್ದೆ ಅಂದುಕೊಳ್ಳುತ್ತಿದ್ದಳು. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು.

ಕೂಗಾಡಿದ್ದರೆ ರಾಮಯ್ಯನಿಗೆ ಸಲೀಸಾಗುತ್ತಿತ್ತು. ಆಕೆ ಕೂಗಾಡಲಿಲ್ಲ. ಮಂಚದ ಅಂಚಿಗೆ ಕೂತು, ಪೇಪರು ಕೆಳಗಿಡಿ ಅಂದಳು.

"ನೀನು ಬಿದ್ರೆ ಅಂತ ಭಯ ಆಯ್ತು ಕಣೇ," ಅಂದ ಅವನು. "ದಾಟಿದೆ ಅಂತ ನಿಂಗೆ ಖುಷಿ ಆದ್ರೆ ಸಾಕಿತ್ತು."

"ನಿಮ್ಗೆ ನನ್ನ ಕಂಡ್ರೆ ಪ್ರಾಣ, ಅದು ಗೊತ್ತು. ನನ್ನ ಮೇಲೆ ನಂಬಿಕೆ ಮಾತ್ರ ಇಲ್ಲ. ಪ್ರಾಣ ಇಟ್ಕೊಂಡು ನಾನೇನು ಮಾಡ್ಲಿ?"

ಇಷ್ಟು ಹೇಳುವಷ್ಟರಲ್ಲಿ ಆಕೆಗೆ ಅಳು ಬಂದಿತ್ತು. ಸಿಟ್ಟಿಗಿಂತ ನಾಚಿಕೆಯೇ ಜಾಸ್ತಿ. ಕೀಸಿದ ಹೊಸ್ತಿಲಿನ ಮುಂದೆ ಹೆಮ್ಮೆ ಪಟ್ಟು, ಒಂದು ಮುದ್ದೆ ಹೆಚ್ಚು ತಿಂದೆನಲ್ಲ ಎಂದು ನೆನೆದು ಮೈಯೆಲ್ಲ ಹಿಡಿಯಾಯಿತು. ಬಿಟ್ಟುಬಿಡೋಣ, ಏಳಾದರೆ ಏಳು, ಈ ವಯಸ್ಸಿನಲ್ಲಿ ಯಾರು ಎಣಿಸುತ್ತಾರೆ ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ. ಎಣಿಸುವವಳು ತಾನೇ ಎಂದು ಮರುಕ್ಷಣ ಹೊಳೆಯಿತು. ಕಣ್ಣೊರೆಸಿಕೊಂಡು, ಮೌನೇಶನನ್ನು ಕರೆಸಿ ಅಂದಳು.

ಮೌನೇಶ ಸುರಪುರದ ಕಡೆಯವನು, ಬಡಿಗರ ಮನೆತನ. ಬಿಟಿಎಂನ ಫ್ಲ್ಯಾಟುಗಳಿಗೆ ಪ್ಲೈವುಡ್ಡಿನ ಅಡುಗೆಮನೆ ಜೋಡಿಸಿ ಜೀವನ ಮಾಡುತ್ತಿದ್ದವನಿಗೆ ನಿಜವಾದ ಮರ ಕಂಡರೆ ಕಣ್ಣು ಅರಳುತ್ತಿತ್ತು. ಬಂದವನು ಒಳಗೆ ಕಾಲಿಡದೆ ಬಾಗಿಲ ಹೊರಗೇ ನಿಂತ. ಕೈಯಲ್ಲಿ ಒಂದು ಬಟ್ಟೆ ಗಂಟು.

"ಹಿರ್ಯಾರು ಹೇಳಿದ್ರಂತ ಮಾಡಿದ್ನಿರಿ, ಅಮ್ಮಾರ. ಕೂಡಿಸಿದ ಹೊಸ್ತಲಕ ಉಳಿ ಹಚ್ಚಬಾರದು ಅಂತ ನಮ್ಮಪ್ಪ ಹೇಳ್ತಿದ್ದ. ನಡುವಿನ ತಗ್ಗು ಮಾತ್ರ ಹಂಗ ಉಳಿಸೀನಿ. ಇದನ್ನ ಎಲ್ಲಿ ಒಗೀಬೇಕೂ ಗೊತ್ತಾಗಲಿಲ್ಲ, ಇಟಗೊಂಡಿದ್ನಿ."

ಗಂಟು ಬಿಚ್ಚಿದ. ಒಳಗೆ ಕೀಸಿದ ಮರದ ಸುರುಳಿಗಳು, ಒಂದೊಂದರ ಅಂಚಿಗೂ ಅರಿಶಿನ. ಮುನಿಲಕ್ಷ್ಮಮ್ಮ ಅದನ್ನು ಮಡಿಲಿಗೆ ತೆಗೆದುಕೊಂಡಳು. ಬೈಯಲಿಲ್ಲ. ಎರಡು ಬೆರಳು ಎತ್ತರದ ಹಲಗೆಯೊಂದನ್ನು ಹೊಸ್ತಿಲ ಮೇಲೆ ಕೂರಿಸಿ ಮೊದಲಿನಷ್ಟೇ ಮಾಡಲು ಆಗುತ್ತದೆಯೇ ಎಂದು ಕೇಳಿದಳು. ಆಗುತ್ತದೆ, ಆದರೆ ಹಳೇ ಮರ ಬೇಕು, ಅಂಗಡಿಯ ಹಸಿ ಮರ ಈ ಹಲಸಿನ ಜೊತೆ ಹೊಂದುವುದಿಲ್ಲ, ಮಳೆಗಾಲ ಕಳೆಯುವಷ್ಟರಲ್ಲಿ ಬಾಯಿ ಬಿಡುತ್ತದೆ ಎಂದ ಅವನು.

ಆಕೆ ಗಂಡನ ಕಡೆ ತಿರುಗಿದಳು. ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಕೆಳಗೆ, ರಾಮಯ್ಯ ತನ್ನ ನೊಗ ಇಟ್ಟುಕೊಂಡಿದ್ದ. ಎತ್ತು ಮಾರಿ, ಜಮೀನು ಹೋಗಿ ಮೂವತ್ತು ವರ್ಷ ಆಗಿದ್ದರೂ ಆಯುಧಪೂಜೆಯ ದಿನ ಮೇಲೆ ಹೋಗಿ ಅದಕ್ಕೆ ಕುಂಕುಮ ಇಟ್ಟು ಬರುತ್ತಿದ್ದ. ಯಾವುದೋ ಹೋಟೆಲಿನವರು ಅಲಂಕಾರಕ್ಕೆ ಬೇಕು ಎಂದು ಕೇಳಿಕೊಂಡು ಬಂದಾಗ ಅವರನ್ನು ಗೇಟಿನವರೆಗೂ ಬೈದುಕೊಂಡು ಹೋಗಿದ್ದ.

"ನೊಗ ಕೊಡಿ," ಅಂದಳು.

"ನೊಗ ತುಳಿಯೋದಾ?" ಅಂದ ರಾಮಯ್ಯ.

"ತುಳಿಯೋದಲ್ಲ. ದಾಟೋದು."

ರಾಮಯ್ಯ ಎದ್ದು, ಮಂಡಿ ಹಿಡಿದುಕೊಂಡು ನಾಲ್ಕು ಮಹಡಿ ಹತ್ತಿದ. ಕೆಳಗೆ ತರುವಾಗ ಪಿಜಿಯ ಹುಡುಗರು ಸಹಾಯಕ್ಕೆ ಬಂದರೂ ಬಿಡಲಿಲ್ಲ. ಸಂಸಾರದ ನೊಗ ಹೊರುವುದು ಎಂದು ಜನ ಬಾಯಿಮಾತಿಗೆ ಹೇಳುತ್ತಾರೆ. ಎಪ್ಪತ್ತಾರು ವರ್ಷದ ರಾಮಯ್ಯ ನಿಜವಾಗಿಯೂ ಹೆಗಲ ಮೇಲೆ ಹೊತ್ತು ತಂದು ಮೌನೇಶನ ಮುಂದೆ ಇಳಿಸಿದ. ಒಂದು ಸಲ ಅದರ ಮೇಲೆ ಕೈಯಾಡಿಸಿ, ಒಳಗೆ ಹೋದ.

ಮೌನೇಶ ನೊಗ ಕೊಯ್ದು ಹಲಗೆ ತೆಗೆದ. ಹೊಸ್ತಿಲಿನ ತಗ್ಗಿಗೆ ಸರಿಯಾಗಿ ಕೂರುವ ಹಾಗೆ ಅದರ ಅಡಿಯನ್ನು ಉಬ್ಬಾಗಿ ಕೆತ್ತಿದ. ಒಂದು ಮೊಳೆಯನ್ನೂ ಹೊಡೆಯದೆ, ಮರದ ಗೂಟದಲ್ಲೇ ಬಿಗಿದ. ಮೇಲ್ಭಾಗಕ್ಕೂ ಹಳೇ ತಗ್ಗಿನ ಹಾಗೆ ಕೆತ್ತಲೇ ಎಂದು ಕೇಳಿದ. ಬೇಡ, ತುಳಿಯುವವರು ತುಳಿದೇ ತುಳಿಯುತ್ತಾರೆ, ಅದು ತಾನೇ ಆಗುತ್ತದೆ ಅಂದಳು ಮುನಿಲಕ್ಷ್ಮಮ್ಮ. ಬಾಗಿಲ ಕೆಳಗಿನ ಬೆಳಕಿನ ಗೆರೆ ಹೋಯಿತು.

ಇನ್ನು ಉಳಿದದ್ದು ಕಾಲು. ದಾಟುವುದು ಶ್ರಾವಣದ ಮೊದಲ ಶುಕ್ರವಾರ ಎಂದು ಆಕೆ ಗೊತ್ತುಮಾಡಿದಳು, ಅದಕ್ಕೆ ಹತ್ತೊಂಬತ್ತು ದಿನ ಇತ್ತು. ಸಮ್ಮತಿಯಿಲ್ಲದೆ ತನ್ನ ರೋಗಿಗೆ ಸುಳ್ಳು ಹೊಸ್ತಿಲು ಮಾಡಿಕೊಟ್ಟರು ಎಂದು ಮಧುಮತಿಗೆ ರಾಮಯ್ಯನ ಮೇಲೆ ಸಿಟ್ಟು ಬಂದಿತ್ತು. ಅವಳೇ ಒಂದು ದಾರಿ ಹುಡುಕಿದಳು. ಹಳೇ ಪೇಪರುಗಳನ್ನು ಏಳು ಬೆರಳು ಎತ್ತರಕ್ಕೆ ಜೋಡಿಸಿ, ಹುರಿಯಿಂದ ಬಿಗಿದು ನಡುಮನೆಯಲ್ಲಿಟ್ಟಳು. ಅದನ್ನು ದಾಟಬೇಕು. ದಿನಾ ಬೆಳಿಗ್ಗೆ ಬಂದ ಪೇಪರನ್ನು ರಾಮಯ್ಯ ಓದಿ ಮುಗಿಸಿದ ಮೇಲೆ ಮಡಿಸಿ ಅದರ ಮೇಲೆ ಸೇರಿಸಬೇಕು. ದಿನಕ್ಕೊಂದು ಪೇಪರಿನಷ್ಟು ಎತ್ತರ. ಮನುಷ್ಯನ ಮಹತ್ವಾಕಾಂಕ್ಷೆ ದಿನಕ್ಕೆ ಅಷ್ಟು ಬೆಳೆದರೆ ಕಾಲು ಅದಕ್ಕೆ ಹೊಂದಿಕೊಳ್ಳುತ್ತದೆ.

ಮುನಿಲಕ್ಷ್ಮಮ್ಮ ದಾಟಿದಳು, ತಾಗಿಸಿದಳು, ಬೈದಳು, ಮತ್ತೆ ದಾಟಿದಳು. ಹನ್ನೊಂದನೇ ದಿನ ಸೊಂಟ ಹಿಡಿದುಕೊಂಡು ಏಳಲೇ ಆಗಲಿಲ್ಲ. ಅವತ್ತಿನ ಪೇಪರನ್ನು ರಾಮಯ್ಯ ಸೇರಿಸದೆ ಬಚ್ಚಿಟ್ಟ. ಆಕೆ ಕೇಳಿ ತರಿಸಿ, ನಾಳೆಗೆ ಎರಡು ಅಂದಳು. ಅವನು ಮರುಮಾತಿಲ್ಲದೆ ತಂದು ಮೇಲಿಟ್ಟ. ಆಕೆಗೆ ಅವನ ಮೇಲಿನ ಸಿಟ್ಟು ಕರಗಲು ಶುರುವಾದದ್ದು ಆ ಪೇಪರಿನಿಂದ.

ಶುಕ್ರವಾರ ಬಂತು. ಸ್ಟಿಕರ್ ರಂಗೋಲಿ ಕಿತ್ತುಹಾಕಿಸಿದಳು. ಸೌಮ್ಯ ಬಾಗಿಲು ತೊಳೆದು ಮಾವಿನೆಲೆ ಕಟ್ಟಿದಳು. ಹೊರಗೆ ಒಂದು ಸ್ಟೂಲು ಹಾಕಿದರು. ಅಂಜನಮ್ಮ ತನ್ನ ಗೇಟಿನಲ್ಲಿ ನಿಂತಿದ್ದಳು, ಈ ಸಲ ಬಾಯಿಗೆ ಸೆರಗಿಲ್ಲ. ಮಧುಮತಿ ಹೊಸ್ತಿಲಾಚೆ ನಿಂತು, ಗಟ್ಟಿ ಕಾಲು ಮೊದಲು, ನೋವಿನ ಕಾಲು ಆಮೇಲೆ, ಅಷ್ಟ ನೆನಪಿಡ್ರಿ ಎಂದಳು. ರಾಮಯ್ಯ ಪಕ್ಕದಲ್ಲಿ ಕೈ ಚಾಚಿದ. ಆಕೆ ಆ ಕೈಯನ್ನು ನೋಡಿ, ತಲೆಯಾಡಿಸಿದಳು. ಅವನು ಕೈ ಹಿಂದಕ್ಕೆ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡ. ಅವನ ಜೀವನದಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಿಲ್ಲ.

ಒಂದು ಕೈಯಲ್ಲಿ ಕೋಲು, ಒಂದು ಕೈ ಬಾಗಿಲುವಾಡಕ್ಕೆ. ಎಡಗಾಲು ದಾಟಿತು. ಬಲಗಾಲು ಎದ್ದಿತು, ನಡುಗಿತು, ನೊಗದ ಮೇಲೆ ಒಂದು ಕ್ಷಣ ಗಾಳಿಯಲ್ಲಿ ನಿಂತಿತು, ಆಚೆ ಇಳಿಯಿತು. ಆಕೆ ಹೊರಗಿದ್ದಳು. ನಾಲ್ಕು ತಿಂಗಳ ನಂತರ ಬಿಸಿಲು ಮುಖಕ್ಕೆ ಬಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟಿದರೆ ಬೈಯುತ್ತಾಳೆ ಎಂದು ಎಲ್ಲರಿಗೂ ಗೊತ್ತಿತ್ತು. ಸ್ಟೂಲಿನ ಮೇಲೆ ಕೂತು ಹೊಸ್ತಿಲಿನ ಉದ್ದಕ್ಕೂ ಅರಿಶಿನ ಬಳಿದಳು. ಚುಕ್ಕಿ ಎಷ್ಟೆಂದು ಆಕೆ ಹೇಳಿದಳು, ಸೌಮ್ಯ ಎಳೆ ಎಳೆದಳು. ಸೋಮವಾರ ಎಕ್ಸ್‌ರೇಗೆ ಹೋಗೋಣ, ಆಟೋ ಗಲ್ಲಿಯ ತುದಿಯಲ್ಲೇ ನಿಲ್ಲಲಿ, ಅಲ್ಲಿಯವರೆಗೆ ನಡೆಯುತ್ತೇನೆ ಎಂದು ರೇವಂತನಿಗೆ ಹೇಳಿದಳು.

ಒಳಗೆ ಹೋಗುವಾಗ ಮಧುಮತಿ ಮತ್ತೆ ಎಡಗಾಲು ಅಂದಳು. ಮುನಿಲಕ್ಷ್ಮಮ್ಮ ಒಪ್ಪಲಿಲ್ಲ. ಈಚೆಗೆ ಬರುವಾಗ ನಿನ್ನ ಮಾತು ಕೇಳಿದೆ, ಈ ಮನೆಯೊಳಕ್ಕೆ ನಾನು ಯಾವತ್ತೂ ಬಲಗಾಲಿಟ್ಟೇ ಬಂದವಳು ಅಂದಳು. ಮಧುಮತಿ ಬೆನ್ನ ಹಿಂದೆ ಬಂದು ನಿಂತಳು. ಪ್ಲೇಟು, ಸ್ಕ್ರೂ ಹಾಕಿದ ಬಲಗಾಲು ಮೊದಲು ಎದ್ದಿತು. ಹಲ್ಲು ಕಚ್ಚಿ ಎತ್ತಿದಳು. ಅರಿಶಿನ ಕೂಡ ಅಳಿಸದ ಹಾಗೆ ದಾಟಿ ಒಳಗೆ ಇಟ್ಟಳು. ಎಡಗಾಲು ತಾನಾಗಿ ಹಿಂದೆ ಬಂತು.

ಅವಳ ಹಿಂದೆಯೇ, ಕಣ್ಣಲ್ಲಿ ನೀರು ತುಂಬಿಕೊಂಡು, ದಾರಿ ನೋಡದೆ ರಾಮಯ್ಯ ಬಂದ. ಕೀಸಿದ ಹೊಸ್ತಿಲಿನ ಏಳು ಬೆರಳೇ ಅವನ ಕಾಲಿಗೆ ಇನ್ನೂ ರೂಢಿಯಲ್ಲಿತ್ತೋ ಏನೋ, ಹೆಬ್ಬೆರಳು ತನ್ನದೇ ನೊಗಕ್ಕೆ ಹೋಗಿ ಬಡಿಯಿತು. ಮುಗ್ಗರಿಸಿ ಬಾಗಿಲುವಾಡ ಹಿಡಿದುಕೊಂಡ.

ಮುನಿಲಕ್ಷ್ಮಮ್ಮ ಕೋಲೂರಿ ತಿರುಗಿದಳು. ಗಂಡನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿ, ಕೈ ಚಾಚಿದಳು.

"ಒಂಬತ್ತು ಬೆರಳು," ಅಂದಳು. "ಕಾಲೆತ್ತಿ ಬನ್ನಿ."